ಸುಣ್ಣಗಲ್ಲಿನ ಹಾದಿ

ಫ್ರಾನ್ಸ್ ದೇಶಕ್ಕೂ ಸೈಕಲ್ಲಿಗೂ ಇರುವ ನಂಟು ಹಳೆಯದು. ಆ ನಂಟನ್ನು ನೆನೆದೊಡನೆ ಜನರ ಕಣ್ಮುಂದೆ ಬರುವುದು 1903ರಲ್ಲಿ ಆರಂಭವಾದ ‘ಟೂರ್ ದ ಫ್ರಾನ್ಸ್’ ಪಂದ್ಯ. ಹಳದಿ ಅಂಗಿಯ ವೀರರು, ದಾರಿಯ ಇಕ್ಕೆಲಗಳಲ್ಲಿ ಜಯಕಾರ ಹಾಕುವ ಜನಸ್ತೋಮ, ಗಾಳಿಯನ್ನು ಸೀಳಿಕೊಂಡು ಸಾಗುವ ತೆಳುಗಾಲಿಗಳು. ಅದೇ ದೇಶದಲ್ಲಿ, ಅದೇ ವಾಹನವನ್ನೇರಿ, ಯಾರ ಜಯಕಾರವನ್ನೂ ಬಯಸದೆ ಹೊರಡುವ ಮತ್ತೊಂದು ಬಗೆಯ ಸವಾರರೂ ಇದ್ದಾರೆ. ನುಣುಪಾದ ಡಾಂಬರು ರಸ್ತೆ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ಹೊಲದ ಅಂಚಿನಲ್ಲಿ ಹೊರಳಿ ಪೊದೆಗಳ ನಡುವೆ ಮರೆಯಾಗುವ ಜಲ್ಲಿಹಾದಿಯೊಂದು ಕಂಡರೆ ಮಾತ್ರ ಅವರ ಮನಸ್ಸು ಹಿಗ್ಗುತ್ತದೆ.

ಇಂಥವರ ಸೈಕಲ್ಲು ನೋಟಕ್ಕೆ ಪಂದ್ಯದ ಸೈಕಲ್ಲನ್ನೇ ಹೋಲುತ್ತದೆ. ಹಿಡಿ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿರುತ್ತದೆ. ವ್ಯತ್ಯಾಸವಿರುವುದು ಟಯರಿನಲ್ಲಿ. ಅದರ ಅಗಲ ಸುಮಾರು 40 ಮಿಲಿಮೀಟರು. ಒಳಗಿನ ಗಾಳಿಯ ಒತ್ತಡ ಪಂದ್ಯದ ಟಯರಿನದಕ್ಕಿಂತ ಬಹಳ ಕಡಿಮೆ, ಸುಮಾರು ಅರ್ಧದಷ್ಟು. ಬಿಗಿಯಾಗಿ ಗಾಳಿ ತುಂಬಿದ ಟಯರು ಕಲ್ಲಿನ ಮೇಲೆ ಪುಟಿಯುತ್ತದೆ. ಪುಟಿದಷ್ಟೂ ಸವಾರನ ಶ್ರಮ ವ್ಯರ್ಥವಾಗುತ್ತದೆ. ಮೆತ್ತನೆಯ ಟಯರಾದರೋ ಕಲ್ಲನ್ನು ತನ್ನೊಳಗೆ ತುಸು ಒತ್ತಿಕೊಂಡು ಮುಂದಕ್ಕೆ ಉರುಳುತ್ತದೆ.

ಏರಿನಲ್ಲಿ ನೆರವಾಗುವ ಗೇರುಗಳ ಕಥೆಯೂ ಸ್ವಾರಸ್ಯವಾದುದೇ. ಸೇಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದ ಪೋಲ್ ದ ವಿವಿ ಎಂಬಾತ 1887ರಲ್ಲಿ ಸೈಕಲ್ಲಿಗೇ ಮೀಸಲಾದ ಪತ್ರಿಕೆಯೊಂದನ್ನು ಆರಂಭಿಸಿ, ‘ವೆಲೋಸಿಯೊ’ ಎಂಬ ಹೆಸರಿನಿಂದ ಪ್ರಸಿದ್ಧನಾದ. ಬೆಟ್ಟವೇರುವವನಿಗೆ ಒಂದೇ ಗೇರು ಸಾಲದೆಂದು ಆತ ಬಹುಕಾಲ ವಾದಿಸಿದ. ಪಂದ್ಯದ ಯಜಮಾನರಿಗೆ ಅದು ಹಿಡಿಸಲಿಲ್ಲ; ಗೇರು ಬದಲಿಸುವುದು ಗಂಡಸುತನಕ್ಕೆ ಕುಂದೆಂದು ಅವರ ಎಣಿಕೆ. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನಕ್ಕೆ ಟೂರ್ ಪಂದ್ಯದಲ್ಲಿ ಒಪ್ಪಿಗೆ ದೊರೆತದ್ದು 1937ರಲ್ಲಿ. ಆ ವೇಳೆಗೆ ವೆಲೋಸಿಯೊ ತೀರಿಕೊಂಡು ಏಳು ವರ್ಷಗಳಾಗಿದ್ದವು.

ಜಲ್ಲಿಹಾದಿಯ ಸವಾರರಿಗೆ ಹೇಳಿ ಮಾಡಿಸಿದಂಥ ಸೀಮೆ ದಕ್ಷಿಣ ಫ್ರಾನ್ಸಿನ ಲಾರ್ಜಾಕ್ ಪ್ರಸ್ಥಭೂಮಿ. ಅದರ ಬುಡದಲ್ಲಿ, ತಾರ್ನ್ ನದಿಯ ದಡದ ಮೇಲೆ, ಮಿಯೋ ಎಂಬ ಪಟ್ಟಣವಿದೆ. ಪ್ಯಾರಿಸಿನ ಕಡೆಯಿಂದ ಮೆಡಿಟರೇನಿಯನ್ ತೀರಕ್ಕೆ ಹೋಗುವ ವಾಹನಗಳು ಹಿಂದೆ ಈ ಪಟ್ಟಣದೊಳಕ್ಕೇ ನುಗ್ಗಿ, ಬೇಸಗೆಯ ರಜೆಯ ದಿನಗಳಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. 2004ರ ಡಿಸೆಂಬರಿನಲ್ಲಿ ಕಣಿವೆಗೆ ಅಡ್ಡಲಾಗಿ 343 ಮೀಟರು ಎತ್ತರದ ಸೇತುವೆ ತೆರೆದ ಮೇಲೆ ಅವೆಲ್ಲ ಆಕಾಶಮಾರ್ಗದಲ್ಲಿಯೇ ದಾಟಿಹೋಗುತ್ತವೆ. ಹಳೆಯ ಹೆದ್ದಾರಿ ಈಗ ತಣ್ಣಗಾಗಿದೆ. ಸವಾರನು ಆ ತಿರುವುಗಳನ್ನು ಹತ್ತಿ, ಬೆವರೊರೆಸಿಕೊಂಡು, ಮೇಲಣ ಬಯಲಿಗೆ ಬಂದನೆಂದರೆ ಡಾಂಬರಿನ ಹಂಗು ತೀರಿತು.

ಅಲ್ಲಿಂದ ಮುಂದಕ್ಕೆ ಎಲ್ಲವೂ ಬಿಳುಪು. ನೆಲವೇ ಸುಣ್ಣಗಲ್ಲಿನದು, ಹಾದಿಯೂ ಸುಣ್ಣಗಲ್ಲು, ಹೊಲದ ಸುತ್ತ ಗಾರೆಯಿಲ್ಲದೆ ಪೇರಿಸಿದ ಗೋಡೆಯೂ ಸುಣ್ಣಗಲ್ಲು. ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಮಳೆ ಬೀಳುವುದಿಲ್ಲವೆಂದಲ್ಲ, ಬಿದ್ದ ನೀರು ಬಿರುಕುಗಳಲ್ಲಿ ಇಳಿದು ಪಾತಾಳ ಸೇರುತ್ತದೆ. ಆದಕಾರಣ ಮೇಲೆ ಹಳ್ಳಕೊಳ್ಳಗಳಿಲ್ಲ. ಕುರಿಗಳ ದಾಹ ತಣಿಸಲು ಕುರುಬರು ತಗ್ಗಿನ ತಾವುಗಳಲ್ಲಿ ಜೇಡಿಮಣ್ಣು ಮೆತ್ತಿ, ಗೊರಸಿನ ತುಳಿತಕ್ಕೆ ಅದು ಕದಡದಂತೆ ಚಪ್ಪಡಿ ಹಾಸಿ, ಮಳೆನೀರು ನಿಲ್ಲಿಸಿದ್ದಾರೆ. ‘ಲವೋಞ್’ ಎಂದು ಅದರ ಹೆಸರು, ಗೋಕಟ್ಟೆಯ ಜಾತಿಯದೇ. ಲಾ ಕೂವೆರ್‌ತ್ವಾರಾದ್ ಎಂಬ ಕೋಟೆಯೂರಿನ ಹೊರಗಿರುವುದಂತೂ ದೊಡ್ಡ ಕಲ್ಲಿನ ಬೋಗುಣಿಯೊಂದನ್ನು ನೆಲದಲ್ಲಿ ಹೂತಂತೆ ಕಾಣುತ್ತದೆ. ಅದರ ನೀರು ಮನುಷ್ಯರಿಗಲ್ಲ. ಬಾಟಲಿ ಬರಿದಾದ ಸವಾರನು ಊರ ಸ್ಮಶಾನವನ್ನು ಹುಡುಕಿಕೊಂಡು ಹೋಗಬೇಕು. ಇದು ಹಾಸ್ಯವಲ್ಲ, ಸಮಾಧಿಯ ಹೂಗಿಡಗಳಿಗೆಂದು ಫ್ರಾನ್ಸಿನ ಹಳ್ಳಿಗಳ ಸ್ಮಶಾನಗಳಲ್ಲಿ ಸಾಮಾನ್ಯವಾಗಿ ನಲ್ಲಿಯಿರುತ್ತದೆ. ಕುಡಿಯಲು ಯೋಗ್ಯವಲ್ಲವೆಂಬ ಫಲಕವಿಲ್ಲದಿದ್ದರೆ ಸತ್ತವರ ನೆರೆಯಲ್ಲಿ ನಿಂತು ಬಾಟಲಿ ತುಂಬಿಕೊಳ್ಳಬಹುದು. ಅಂಗಡಿಯನ್ನು ನಂಬುವಂತಿಲ್ಲ. ಹನ್ನೆರಡು ಹೊಡೆದರೆ ಬಾಗಿಲು ಮುಚ್ಚಿತು. ಅಂಗಡಿಯವನ ಊಟ ಮುಗಿಯುವವರೆಗೆ ರಾಜನೇ ಬಂದರೂ ರೊಟ್ಟಿ ಸಿಕ್ಕದು.

ಸಡಿಲು ಕಲ್ಲಿನ ಮೇಲೆ ಸಾಗುವುದು ಒಂದು ಕಲೆ. ಹಿಡಿಯನ್ನು ಬಲವಾಗಿ ಹಿಡಿದವನು ಬೇಗ ಬೀಳುತ್ತಾನೆ. ಕೈ ಹಗುರವಾಗಿರಬೇಕು, ಮೊಳಕೈ ಮಡಿಸಿರಬೇಕು, ಕಣ್ಣು ಗಾಲಿಯ ಬುಡದಲ್ಲಿರದೆ ಹತ್ತಾರು ಮಾರು ಮುಂದಿರಬೇಕು. ಗಾಲಿಯಡಿಯ ಕಲ್ಲಿನ ಚರಚರ ಸದ್ದೊಂದನ್ನು ಬಿಟ್ಟರೆ ಬೇರೆ ಶಬ್ದವಿಲ್ಲ. ತಲೆಯೆತ್ತಿದರೆ ರಣಹದ್ದುಗಳು ರೆಕ್ಕೆ ಬಡಿಯದೆ ಸುತ್ತುವುದು ಕಾಣಬಹುದು. ಈ ಸೀಮೆಯಿಂದ ಅಳಿದುಹೋಗಿದ್ದ ಅವನ್ನು 1981ರಿಂದ ಮತ್ತೆ ತಂದು ಬಿಡಲಾಯಿತು. ತೋಳಗಳು ಯಾರೂ ತರದೆಯೇ ಮರಳಿ ಬಂದಿವೆ. ಅದರಿಂದಾಗಿ ಕೆಲವು ಮಂದೆಗಳ ಜೊತೆಯಲ್ಲಿ ‘ಪತೂ’ ಎಂಬ ಬಿಳಿಯ ದೊಡ್ಡ ನಾಯಿ ಇರುತ್ತದೆ. ಅದಕ್ಕೆ ಸೈಕಲ್ಲು ಓಡುವ ಪ್ರಾಣಿ, ಓಡುವುದೆಲ್ಲವೂ ಶತ್ರು. ಆಗ ಸವಾರನು ಇಳಿದು, ಸೈಕಲ್ಲನ್ನು ತನಗೂ ನಾಯಿಗೂ ನಡುವೆ ಇರಿಸಿಕೊಂಡು, ಮಂದೆಯನ್ನು ಬಳಸಿ ಮೆಲ್ಲನೆ ನಡೆಯಬೇಕು. ವೇಗದ ಅಭಿಮಾನವನ್ನು ಸ್ವಲ್ಪ ಹೊತ್ತು ಜೇಬಿನಲ್ಲಿಡಬೇಕು.

ಈ ಹಾದಿಗಳು ಹೀಗೆ ತೆರೆದಿರುವುದು ತಾನಾಗಿ ಆದದ್ದಲ್ಲ. ಪ್ರಸ್ಥಭೂಮಿಯ ಮೇಲೆ ಸುಮಾರು 3,000 ಹೆಕ್ಟೇರಿನ ಸೈನಿಕ ಶಿಬಿರವೊಂದು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇತ್ತು. ಅದನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದಾಗಿ ಸರಕಾರ 1971ರಲ್ಲಿ ಪ್ರಕಟಿಸಿತು. ಕಲ್ಲು ತುಂಬಿದ ಬರಡು ನೆಲ, ಯಾರೂ ಕೇಳುವವರಿಲ್ಲ ಎಂದು ಅಧಿಕಾರಿಗಳು ಭಾವಿಸಿದ್ದಿರಬೇಕು. ಆದರೆ ಆ ಕಲ್ಲಿನ ನಡುವೆ ಮೇಯುವ ಕುರಿಗಳ ಹಾಲಿನಿಂದಲೇ ಲೋಕಪ್ರಸಿದ್ಧವಾದ ರೋಕ್‌ಫೋರ್ ಗಿಣ್ಣು ಆಗುತ್ತಿತ್ತು. 1972ರ ಮಾರ್ಚಿಯಲ್ಲಿ ಲಾಂಜಾ ದೆಲ್ ವಾಸ್ತೊ ಎಂಬ ವೃದ್ಧ ಲಾ ಕವಾಲ್ರಿ ಗ್ರಾಮದಲ್ಲಿ ಹದಿನೈದು ದಿನಗಳ ಉಪವಾಸ ಕೈಗೊಂಡ. 1937ರಲ್ಲಿ ವಾರ್ಧಾಕ್ಕೆ ಬಂದು ಗಾಂಧೀಜಿಯವರ ಬಳಿ ಇದ್ದು, ‘ಶಾಂತಿದಾಸ’ ಎಂಬ ಹೆಸರು ಪಡೆದು ಹೋಗಿದ್ದವನು ಆತ. ಅದೇ ತಿಂಗಳಲ್ಲಿ 103 ರೈತರು ತಮ್ಮ ನೆಲವನ್ನು ಎಂದಿಗೂ ಕೊಡೆವೆಂದು ಪ್ರತಿಜ್ಞೆಗೆ ಸಹಿ ಹಾಕಿದರು.

ಮುಂದಿನ ಹತ್ತು ವರ್ಷ ಅವರು ಕೈಗೆ ಆಯುಧವೆತ್ತಿಕೊಳ್ಳಲಿಲ್ಲ. ಪ್ಯಾರಿಸಿನ ಐಫೆಲ್ ಗೋಪುರದ ಕೆಳಗೆ ಕುರಿ ಮೇಯಿಸಿದರು. ರಾಜಧಾನಿಯತ್ತ ಟ್ರಾಕ್ಟರು ಹೂಡಿಕೊಂಡು ಹೊರಟರು. ಮತ್ತೊಮ್ಮೆ ಅಷ್ಟೂ ದೂರವನ್ನು ನಡೆದೇ ಹೋದರು. ಸೈನ್ಯ ಬಯಸಿದ್ದ ನೆಲದಲ್ಲಿಯೇ, ಲಾ ಬ್ಲಾಕಿಯೇರ್ ಎಂಬಲ್ಲಿ, 1973ರಲ್ಲಿ ಪರವಾನಗಿಯಿಲ್ಲದೆ ಕುರಿಹಟ್ಟಿಯೊಂದಕ್ಕೆ ಅಡಿಗಲ್ಲು ಹಾಕಿದರು. ದೇಶದ ನಾನಾ ಭಾಗಗಳಿಂದ ಬಂದವರು ಕಲ್ಲು ಹೊತ್ತರು. 1981ರಲ್ಲಿ ಮಿತೆರಾಂ ರಾಷ್ಟ್ರಾಧ್ಯಕ್ಷನಾದೊಡನೆ ಯೋಜನೆ ರದ್ದಾಯಿತು. ಸರಕಾರ ಅದಾಗಲೇ ಕೊಂಡಿದ್ದ ಸುಮಾರು 6,300 ಹೆಕ್ಟೇರು ನೆಲವನ್ನು 1985ರಲ್ಲಿ ರೈತರ ಸಂಘಕ್ಕೇ ದೀರ್ಘಾವಧಿಯ ಗುತ್ತಿಗೆಗೆ ಕೊಡಲಾಯಿತು. ಹಳೆಯ ಶಿಬಿರ ಮಾತ್ರ ಹಾಗೆಯೇ ಉಳಿಯಿತು; 2016ರಿಂದ ಅಲ್ಲಿ ವಿದೇಶೀ ಯೋಧರ ದಳವೊಂದು ಬೀಡುಬಿಟ್ಟಿದೆ. ಸವಾರನು ನಕ್ಷೆ ನೋಡದೆ ಮುಂದುವರಿದರೆ ಪ್ರವೇಶವಿಲ್ಲವೆಂಬ ಫಲಕ ಅಡ್ಡ ಬರುತ್ತದೆ. ಇಡೀ ಬಯಲು ಹೇಗಾಗಬಹುದಿತ್ತೆಂದು ಊಹಿಸಲು ಆ ಒಂದು ಫಲಕವೇ ಸಾಕು.

ಹಾದಿಯನ್ನು ಕಬಳಿಸಲು ಸೈನ್ಯವೇ ಬರಬೇಕೆಂದಿಲ್ಲ. ಫ್ರಾನ್ಸಿನಲ್ಲಿ ಸುಮಾರು 35,000 ಗ್ರಾಮ ಪಟ್ಟಣಗಳ ಆಡಳಿತಗಳಿವೆ. ಹೊಲಗಳ ನಡುವಣ ಗ್ರಾಮಹಾದಿಗಳು ಅವುಗಳ ಸೊತ್ತು. ಎರಡನೆಯ ಮಹಾಯುದ್ಧದ ತರುವಾಯ ತುಂಡುಹೊಲಗಳನ್ನು ಒಟ್ಟುಗೂಡಿಸಿದಾಗ ಅಂಥ ಹಾದಿಗಳೆಷ್ಟೋ ನೇಗಿಲಿನ ಕೆಳಗೆ ಸೇರಿಹೋದವು. ಜನ ಓಡಾಡದೆ ಬಿಟ್ಟ ಹಾದಿಯನ್ನು ಆಡಳಿತ ಮಾರಬಹುದು. ಪಕ್ಕದ ಹೊಲದವನು ಅದನ್ನು ಮೂವತ್ತು ವರ್ಷ ತನ್ನದೆಂಬಂತೆ ಅನುಭವಿಸಿದರೆ ಅವನದೇ ಆಗಲೂಬಹುದು. ಹಾದಿಗಳ ಗಣತಿಗೆ ತೊಡಗಿದ ಗ್ರಾಮದಲ್ಲಿ, ಗಣತಿ ನಡೆಯುವಷ್ಟು ಕಾಲ, ಈ ಮೂವತ್ತು ವರ್ಷಗಳ ಎಣಿಕೆಯನ್ನು ತಡೆಹಿಡಿಯಲು 2022ರ ಕಾನೂನೊಂದು ಅವಕಾಶ ಕೊಟ್ಟಿದೆ. ಆದರೆ ಜನ ನಡೆದಾಡುವ ಹಾದಿ ಸಾರ್ವಜನಿಕರದೆಂದೇ ಕಾನೂನಿನ ಮೊದಲ ಭಾವನೆ. ಕುರುಬನ ಕಾಲು, ನಡಿಗೆಯವರ ಕೋಲು, ಸವಾರನ ಟಯರು ಮೂಡಿಸುವ ಗುರುತೆಲ್ಲವೂ ಅಲ್ಲಿ ಒಂದು ಬಗೆಯ ಸಾಕ್ಷ್ಯ. ಮುಳ್ಳುಪೊದೆ ಬೆಳೆದು ಮುಚ್ಚುತ್ತಿರುವ ಹಾದಿಯನ್ನೇ ಹುಡುಕಿ, ಮೊಣಕಾಲು ತರಚಿಕೊಂಡು ಹಾಯುವವರನ್ನು ಹುಚ್ಚರೆನ್ನುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಹೊತ್ತು ಇಳಿಯುವ ವೇಳೆಗೆ ಹಾದಿಗೆ ಅಡ್ಡಲಾಗಿ ಮರದ ದಡ್ಡೆಯೊಂದು ಎದುರಾಗುತ್ತದೆ. ಬೀಗವಿಲ್ಲ, ತಂತಿಯ ಕುಣಿಕೆಯಷ್ಟೆ. ಸವಾರನು ಇಳಿದು, ಕುಣಿಕೆ ಬಿಚ್ಚಿ, ಸೈಕಲ್ಲನ್ನು ದಾಟಿಸಿ, ಹಿಂದಿರುಗಿ ದಡ್ಡೆಯನ್ನು ಮೊದಲಿದ್ದಂತೆಯೇ ಮುಚ್ಚುತ್ತಾನೆ. ಅತ್ತ ಸರಿದು ನಿಂತಿದ್ದ ಕುರಿಗಳು ಒಂದೊಂದಾಗಿ ಬಿಳಿಯ ಹಾದಿಗೆ ಮರಳಿ ಬಂದು, ಕಲ್ಲುಗಳ ಸಂದಿನ ಹುಲ್ಲಿಗೆ ಬಾಯಿ ಹಾಕುತ್ತವೆ.