ಕಾಲಿಗೆ ಸಿಕ್ಕ ನೆಲ

ವಿಜಯಪುರದ ಸೀಮೆಯಲ್ಲಿ ಎತ್ತು ಕೊಳ್ಳುವುದೆಂದರೆ ಒಂದು ದಿನದ ಮಾತಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಗೆ ಹೋದ ರೈತನು ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ; ಮೈಮೇಲಿನ ಸುಳಿ ನೋಡುತ್ತಾನೆ; ಗೊರಸು ಮುಟ್ಟುತ್ತಾನೆ; ನಾಲ್ಕು ಹೆಜ್ಜೆ ನಡೆಸುತ್ತಾನೆ. ಅನಂತರವೇ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಎಲ್ಲಕ್ಕಿಂತ ಮಿಗಿಲಾಗಿ ಅವನು ನೋಡುವುದು, ಮನೆಯಲ್ಲಿರುವ ಎತ್ತಿಗೆ ಇದು ಎತ್ತರದಲ್ಲಿ ಜೋಡಿಯಾದೀತೇ ಎಂಬುದನ್ನು. ಒಂದು ಎತ್ತರ, ಒಂದು ಗಿಡ್ಡ ಆದರೆ ನೊಗ ವಾಲುತ್ತದೆ, ಹೆಗಲು ಹುಣ್ಣಾಗುತ್ತದೆ.

ಇಷ್ಟೆಲ್ಲ ವಿವೇಕವುಳ್ಳ ರೈತನ ಮಗನು ಮೋಟಾರು ಸೈಕಲ್ಲು ಕೊಳ್ಳಲು ಹೋದಾಗ ಮಾತ್ರ ತಂದೆಯ ಪಾಠವನ್ನು ಅಂಗಡಿಯ ಹೊಸ್ತಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾನೆ. ಬಣ್ಣ ನೋಡುತ್ತಾನೆ, ಸದ್ದು ಕೇಳುತ್ತಾನೆ, ಓಣಿಯಲ್ಲಿ ಯಾರ ಬಳಿ ಯಾವ ಗಾಡಿ ಇದೆಯೆಂದು ನೆನೆಯುತ್ತಾನೆ. ತನ್ನ ಕಾಲು ಎಷ್ಟು ಉದ್ದವೆಂದು ಮಾತ್ರ ನೋಡುವುದಿಲ್ಲ.

ಬಸವನ ಬಾಗೇವಾಡಿಯ ತರುಣ ಮಾಸ್ತರನೊಬ್ಬನ ಗತಿಯೂ ಹೀಗೆಯೇ ಆಯಿತು. ಐದು ಅಡಿ ಎರಡು ಅಂಗುಲದ ಆಳು, ಸ್ವಭಾವದಲ್ಲಿ ಸಾಧು. ಸಿಂದಗಿ ತಾಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ನೌಕರಿ ದೊರೆಯಿತು. ಬೆಳಗಿನ ಬಸ್ಸು ತಪ್ಪಿದರೆ ಆ ಹೊತ್ತಿನ ಪಾಠವೂ ತಪ್ಪುತ್ತಿತ್ತು. ಮನೆಯಲ್ಲಿ ಇರುವವಳು ತಾಯಿ ಒಬ್ಬಳೇ. ಆಕೆಯ ತವರು ಇಂಡಿ. ಅಲ್ಲಿ ಆಕೆಯ ಅಣ್ಣನಿಗೆ ಲಿಂಬೆಯ ತೋಟ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಾಗ, ಆ ಮಾನ್ಯತೆ ತನ್ನ ಮೀಸೆಗೇ ಬಂದಂತೆ ನಡೆದುಕೊಂಡ ಮನುಷ್ಯ ಆತ. ತಂದೆಯಿಲ್ಲದ ಹುಡುಗನಿಗೆ ಗಾಡಿ ಆರಿಸಿಕೊಡುವ ಭಾರವನ್ನು ಸೋದರಮಾವನು ತಾನಾಗಿ ಹೊತ್ತುಕೊಂಡನು.

“ಅಳಿಯಾ, ಗಂಡಸರ ಗಾಡಿ ಅಂದ್ರ ಸಪ್ಪಳಾ ಮಾಡಬೇಕು. ಊರ ಅಗಸ್ಯಾಗ ಬಂದ್ರ ಮನ್ಯಾಗ ಗೊತ್ತಾಗಬೇಕು” ಎಂಬುದು ಆತನ ಸಿದ್ಧಾಂತ.

ಈ ಸಿದ್ಧಾಂತಕ್ಕೂ ಒಂದು ಇತಿಹಾಸವುಂಟು. ಮದರಾಸಿನಲ್ಲಿ 1955ರಿಂದ ಎನ್‌ಫೀಲ್ಡ್ ಬುಲೆಟ್ ಗಾಡಿಗಳು ಸಿದ್ಧವಾಗತೊಡಗಿದವು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾಯಿತು. ಆ ಕಾಲದಲ್ಲಿ ಹಳ್ಳಿಗೆ ಒಂದು ಫಟಫಟಿ ಬಂದರೆ ಹುಡುಗರು ಹಿಂದೆ ಓಡುತ್ತಿದ್ದರು. ಹಳೆಯ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಜಾವಾದಲ್ಲಿ ಕಿಕ್ಕು ಹೊಡೆಯುವ ಸನ್ನೆಯನ್ನೇ ತಿರುಗಿಸಿದರೆ ಅದೇ ಗೇರಿನ ಸನ್ನೆ. ಒಂದೊಂದು ಗಾಡಿಗೆ ಒಂದೊಂದು ವಿದ್ಯೆ. ಆದ್ದರಿಂದ ಗಾಡಿ ಹೊಡೆಯುವವನಿಗೆ ಊರಿನಲ್ಲಿ ಪೈಲವಾನನ ಮರ್ಯಾದೆ. 1972ರಲ್ಲಿ ಲೂನಾ, 1985ರಲ್ಲಿ ಹೀರೋ ಹೊಂಡಾ ಸಿ.ಡಿ. 100 ಬಂದ ಮೇಲೆ ಆ ವಿದ್ಯೆ ಮನೆಮನೆಗೆ ಹರಿಯಿತು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಮಾವಂದಿರ ಮನಸ್ಸಿನಲ್ಲಿ ಪೈಲವಾನನ ಚಿತ್ರ ಮಾತ್ರ ಹಾಗೆಯೇ ನಿಂತಿತು.

ಅಂತೂ 350 ಸಿಸಿಯ, ಸುಮಾರು 190 ಕಿಲೋ ತೂಕದ ಹಳೆಯ ಗಾಡಿಯೊಂದು ಮಾಸ್ತರನ ಅಂಗಳಕ್ಕೆ ಬಂದಿತು. ವಿಚಿತ್ರವೆಂದರೆ, ಆತನು ಕಲಿತದ್ದು ಗೆಳೆಯನ ನೂರು ಸಿಸಿಯ ಹಗುರ ಗಾಡಿಯ ಮೇಲೆ. ಕಲಿಕೆಯ ಲೈಸೆನ್ಸು ಪಡೆದು, ಮೂವತ್ತು ದಿನ ಕಳೆದು, ಪರೀಕ್ಷೆ ಕೊಟ್ಟು ಗೆದ್ದದ್ದೂ ಅದರ ಮೇಲೆಯೇ. ಕಾಯಿದೆಯ ಕಣ್ಣಿಗೆ ಎರಡೂ ಗೇರಿನ ಗಾಡಿಗಳೇ, ಲೈಸೆನ್ಸು ಒಂದೇ. ಕಾಲಿನ ಕಣ್ಣಿಗೆ ಅವು ಬೇರೆ ಬೇರೆ ಎಂಬುದು ಆಮೇಲೆ ತಿಳಿಯಿತು.

ಗಾಡಿ ಓಡುವಾಗ ಯಾವ ತೊಂದರೆಯೂ ಇರಲಿಲ್ಲ. ಉರುಳುವ ಚಕ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಗಿಡ್ಡ ಸವಾರನ ಕಷ್ಟವೆಲ್ಲ ಗಾಡಿ ನಿಲ್ಲುವ ಕೊನೆಯ ಎರಡು ಗಳಿಗೆಯಲ್ಲಿ. ಮಾಸ್ತರನು ತುದಿಬೆರಳ ಮೇಲೆ ನರ್ತಕಿಯಂತೆ ನಿಂತು, ಹಲ್ಲು ಕಚ್ಚಿ ದಿನ ಕಳೆದನು. ಯಾರಿಗೂ ಹೇಳಲಿಲ್ಲ. ಹೇಳುವುದೆಂದರೆ ತನ್ನ ಎತ್ತರವನ್ನು ತಾನೇ ಸಾರಿದಂತಲ್ಲವೇ?

ಒಂದು ಮಾಘಮಾಸದ ಭಾನುವಾರ ತಾಯಿಯನ್ನು ಹಿಂದೆ ಕೂಡಿಸಿಕೊಂಡು ಇಂಡಿಗೆ ಹೊರಟನು. ಸೀರೆಯುಟ್ಟ ಆಕೆ ಎಡಕ್ಕೆ ಕಾಲು ಇಳಿಬಿಟ್ಟು ಅಡ್ಡಲಾಗಿ ಕುಳಿತಿದ್ದಳು. ಎದುರಿಗೆ ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು ಬಂದಿತು. ಮಾಸ್ತರನು ದಾರಿ ಬಿಟ್ಟು ಡಾಂಬರಿನ ಅಂಚಿಗೆ ಸರಿದು ನಿಲ್ಲಿಸಿದನು. ಎಡಗಾಲು ಚಾಚಿದನು. ಅಲ್ಲಿ ನೆಲವಿರಲಿಲ್ಲ. ಡಾಂಬರು ಮುಗಿದು ಎರೆಮಣ್ಣು ಒಂದು ಗೇಣು ಕೆಳಗಿತ್ತು. ಕಾಲು ನೆಲವನ್ನು ಹುಡುಕುವಷ್ಟರಲ್ಲಿ ಗಾಡಿ ವಾಲಿತು. ವಾಲಿದ ಗಾಡಿಯನ್ನು ತಡೆಯುವ ಬಲ ಆ ತೋಳುಗಳಲ್ಲಿರಲಿಲ್ಲ. ಇಬ್ಬರೂ ಎಡಕ್ಕೆ ಬಿದ್ದರು. ಆತನ ಮೊಣಕಾಲು ತರಚಿತು. ತಾಯಿಯ ಮಣಿಕಟ್ಟು ಮುರಿಯಿತು.

ಆರು ವಾರ ಕೈಗೆ ಪ್ಲಾಸ್ಟರು. ಎಂದೂ ಇನ್ನೊಬ್ಬರು ತಟ್ಟಿದ ರೊಟ್ಟಿ ಉಣ್ಣದ ಮನೆಯಲ್ಲಿ ನೆರೆಮನೆಯ ರೊಟ್ಟಿ ಬರತೊಡಗಿತು. ಆಕೆ ಮಗನನ್ನು ಒಂದು ಮಾತೂ ಆಡಲಿಲ್ಲ. ಒಂದು ರಾತ್ರಿ ಮಾತ್ರ, ಆತನು ಊಟ ಬಿಟ್ಟು ಕುಳಿತಿದ್ದಾಗ, “ಗಾಡೀದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲೋ ಯಪ್ಪಾ. ನಿನ್ನ ಕಾಲಿಗೆ ನೆಲಾ ಸಿಗಲಿಲ್ಲ, ಅಷ್ಟ” ಎಂದಳು. ಬೈದಿದ್ದರೆ ಆತನಿಗೆ ನಿದ್ರೆಯಾದರೂ ಬರುತ್ತಿತ್ತು.

ಮಾಸ್ತರನು ಗಾಡಿಗೆ ಗೋಣಿತಟ್ಟು ಹೊದಿಸಿ ಮತ್ತೆ ಬಸ್ಸು ಹಿಡಿದನು. ತಾಯಿ ತವರಿನ ಮಾತೆತ್ತುವುದನ್ನೇ ಬಿಟ್ಟಳು.

ಗಾಡಿ ಮಾರಲೆಂದು ಮುದ್ದೇಬಿಹಾಳಕ್ಕೆ ಹೋದಾಗ ಅಲ್ಲಿಯ ಮುದಿ ಮಿಸ್ತ್ರಿಯೊಬ್ಬನು ಬೆಲೆ ಹೇಳುವ ಮೊದಲು ಆಳನ್ನು ಮೇಲಿನಿಂದ ಕೆಳಗೆ ನೋಡಿದನು. “ಮಾಸ್ತರ, ನಿಮ್ಮ ಒಳಗಾಲು ಎಷ್ಟ ಐತ್ರೀ?” ಎಂದು ಕೇಳಿದನು. ಮಕ್ಕಳಿಗೆ ಅಳತೆಯ ಲೆಕ್ಕ ಕಲಿಸುವ ಮಾಸ್ತರನಿಗೆ ಉತ್ತರ ಗೊತ್ತಿರಲಿಲ್ಲ. ಅಳೆಯುವ ಕ್ರಮ ಸುಲಭ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ಮಾಸ್ತರನದು 71 ಸೆಂಟಿಮೀಟರು, ಅಂದರೆ 710 ಮಿಲಿಮೀಟರು. ಗಾಡಿಯ ಸೀಟಾದರೋ 800 ಮಿಲಿಮೀಟರಿಗೂ ಮೇಲೆ.

ಹಾಗೆಂದು ಸೀಟಿನ ಎತ್ತರವೊಂದನ್ನೇ ನೋಡಿದರೂ ಮೋಸವಾಗುತ್ತದೆ. ಸ್ಪ್ಲೆಂಡರ್ ಪ್ಲಸ್ ಗಾಡಿಯ ಸೀಟು 785 ಮಿಲಿಮೀಟರು. 2022ರಲ್ಲಿ ಬಂದ ಹಂಟರ್ 350ರ ಸೀಟು 790. ಕಾಗದದ ಮೇಲೆ ಐದೇ ಮಿಲಿಮೀಟರಿನ ಅಂತರ, ಒಂದು ಚಪ್ಪಲಿಯ ಸವೆತದಷ್ಟು. ಆದರೆ ತೂಕ? ಮೊದಲನೆಯದು 112 ಕಿಲೋ, ಎರಡನೆಯದು 181. ತುದಿಗಾಲಲ್ಲಿ ನಿಂತವನಿಗೆ ಆ 69 ಕಿಲೋ ಎಂದರೆ ಒಂದು ಚೀಲ ಜೋಳವನ್ನು ಮೀರಿದ ಭಾರ. ಇನ್ನೊಂದು ಕಡೆ ಅವೆಂಜರ್ 220ರ ಸೀಟು 737 ಮಿಲಿಮೀಟರು ಮಾತ್ರ. ಗಿಡ್ಡರ ಪಾದ ಸಲೀಸಾಗಿ ಊರುತ್ತದೆ. ಆದರೆ ಅದರ ತೂಕ 160 ಕಿಲೋ ದಾಟುತ್ತದೆ, ಮೈ ಉದ್ದ, ಕಾಲಿಡುವ ಸ್ಥಾನ ಮುಂದೆ. ಇಕ್ಕಟ್ಟಾದ ಸಂತೆಯ ದಾರಿಯಲ್ಲಿ ತಿರುಗಿಸಲು ಹೊಸಬನು ಬೆವರಬೇಕು. ಸೀಟಿನ ಅಗಲವೂ ಮುಖ್ಯ. ಅಗಲವಾದ ಸೀಟು ತೊಡೆಗಳನ್ನು ಹರವಿ ಕಾಲಿನ ಉದ್ದವನ್ನು ಕದಿಯುತ್ತದೆ. ಮುಂದೆ ಕಿರಿದಾಗುವ ಸೀಟು ಅದನ್ನು ಹಿಂದಿರುಗಿಸುತ್ತದೆ.

ಸ್ಕೂಟರು ಕೊಳ್ಳಬಹುದಿತ್ತಲ್ಲ ಎಂದು ನಗರದವರು ಕೇಳಿಯಾರು. ಕ್ಲಚ್ಚು, ಗೇರುಗಳ ಚಿಂತೆಯಿಲ್ಲ, ತಾಯಂದಿರಿಗೆ ಏರಲೂ ಸುಲಭ, ನಿಜ. ಆದರೆ ಅದರ ಗಾಲಿಗಳು 10, 12 ಅಂಗುಲದವು. 18 ಅಂಗುಲದ ಗಾಲಿ ದಾಟುವ ತಗ್ಗಿನಲ್ಲಿ ಅವು ಇಳಿದೇ ಬಿಡುತ್ತವೆ. ಮಳೆಗಾಲದಲ್ಲಿ ಡೋಣಿಯ ದಂಡೆಯ ಎರೆಮಣ್ಣು ಹಿಟ್ಟಿನಂತೆ ಅಂಟಿ, ಮಡ್‌ಗಾರ್ಡು ಮತ್ತು ಗಾಲಿಯ ನಡುವೆ ಗಟ್ಟಿಯಾಗಿ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇಳಿದು ಕಡ್ಡಿಯಿಂದ ಕೆರೆದು, ತಳ್ಳಿ ಮುಂದೆ ಸಾಗಬೇಕು. ಆಗ ಹಗುರ ಗಾಡಿಯೇ ಗೆಳೆಯ. ಮಾರುಕಟ್ಟೆಗೆ ಚೀಲ ಹೇರುವವರು ನೂರು ಕಿಲೋಕ್ಕೂ ಕಡಿಮೆ ತೂಕದ, 16 ಅಂಗುಲ ಗಾಲಿಯ ಎಕ್ಸ್‌ಎಲ್ ಗಾಡಿಯನ್ನು ಮೆಚ್ಚುವುದು ಸುಮ್ಮನೆ ಅಲ್ಲ.

ಮಿಸ್ತ್ರಿಯ ಬಳಿ ಬೇರೆ ಉಪಾಯಗಳೂ ಇದ್ದವು. ಸೀಟಿನ ಸ್ಪಂಜು ಒಂದು ಅಂಗುಲ ಕೆತ್ತಿಸಬಹುದು. ಹಿಂದಿನ ಶಾಕ್ ಅಬ್ಸಾರ್ಬರನ್ನು ಮೆತ್ತಗಿನ ಹಂತಕ್ಕೆ ತಿರುಗಿಸಬಹುದು. ದಪ್ಪ ಅಟ್ಟೆಯ ಬೂಟು ಹಾಕಬಹುದು. ಆದರೆ ಇಡೀ ಗಾಡಿಯನ್ನೇ ತಗ್ಗಿಸಿದರೆ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಪಕ್ಕದ ಸ್ಟ್ಯಾಂಡು ಉದ್ದವಾಗಿ ಗಾಡಿ ನೆಟ್ಟಗೆ ನಿಂತು, ಗಾಳಿಗೂ ಬಿದ್ದೀತು. “ಏನ್ ಕೆತ್ತಿದ್ರೂ ಭಾರ ಕೆತ್ತಾಕ ಬರೂದಿಲ್ರೀ” ಎಂದು ಆತನು ಮುಗಿಸಿದನು.

ಭಾರದ ಗಾಡಿ ಹೋಯಿತು; 112 ಕಿಲೋದ ಗಾಡಿ ಬಂದಿತು. ಮಾವನು ಸುದ್ದಿ ಕೇಳಿ, “ಕುದುರಿ ಮಾರಿ ಕತ್ತಿ ತಂದ್ಯಲ್ಲೋ ತಮ್ಮಾ!” ಎಂದು ಫೋನಿನಲ್ಲೇ ನಕ್ಕನು. ಮಾಸ್ತರನು ಉತ್ತರ ಕೊಡಲಿಲ್ಲ.

ಆತನು ಈ ಸಲ ವಿದ್ಯಾರ್ಥಿಯಾದನು. ಶಾಲೆಗೆ ರಜೆಯಿದ್ದ ದಿನಗಳಲ್ಲಿ ಬಯಲಿನಲ್ಲಿ ಗಾಡಿ ಓಡಿಸುವುದನ್ನಲ್ಲ, ನಿಲ್ಲಿಸುವುದನ್ನು ಕಲಿತನು. ಹ್ಯಾಂಡಲು ನೆಟ್ಟಗಾದ ಮೇಲೆಯೇ ಗಾಡಿಯನ್ನು ನಿಲುಗಡೆಗೆ ತರಬೇಕು. ತಿರುಗಿದ ಹ್ಯಾಂಡಲಿನಲ್ಲಿ ಮುಂದಿನ ಬ್ರೇಕು ಹಿಡಿದರೆ ಗಾಡಿ ನೆಲ ಹಿಡಿಯುತ್ತದೆ. ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಎಡಗಾಲು ನೆಲಕ್ಕೆ. ಎರಡೂ ಕಾಲುಗಳ ತುದಿ ತಾಗುವುದಕ್ಕಿಂತ, ಸೀಟಿನಲ್ಲಿ ತುಸು ಪಕ್ಕಕ್ಕೆ ಜರುಗಿ ಒಂದು ಪಾದವನ್ನು ಪೂರ್ತಿ ಊರುವುದು ಲೇಸು. ಎಲ್ಲಕ್ಕೂ ಮೊದಲು, ನಿಲ್ಲುವ ಜಾಗವನ್ನು ಹತ್ತು ಮಾರು ದೂರದಿಂದಲೇ ಕಣ್ಣು ಆರಿಸಬೇಕು. ಕೊನೆಗೆ ಹಿಂದಿನ ಸೀಟಿಗೆ ಐವತ್ತು ಕಿಲೋದ ಜೋಳದ ಚೀಲ ಕಟ್ಟಿಕೊಂಡು ಸುತ್ತಿದನು. ಹುಡುಗರು ನಕ್ಕರು. ಆ ಚೀಲವು ಯಾರ ಸ್ಥಾನದಲ್ಲಿ ಕುಳಿತಿದೆಯೆಂದು ಅವರಿಗೇನು ಗೊತ್ತು?

ಹಿಂದಿನ ಸವಾರರಿಗೆ ಹಿಡಿಕೆ, ಕಾಲಿಡುವ ಮೆಟ್ಟು, ಬಟ್ಟೆ ಸಿಲುಕದಂತೆ ಚಕ್ರಕ್ಕೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅವೆಲ್ಲವನ್ನೂ ನೋಡಿಕೊಂಡು, ಎರಡು ಹೆಲ್ಮೆಟ್ಟು ತಂದು, ಒಂದು ಬೆಳಿಗ್ಗೆ ತಾಯಿಯ ಮುಂದೆ ನಿಂತನು. ಆಕೆ ಗಾಡಿಯನ್ನು ನೋಡಲಿಲ್ಲ, ಮಗನ ಕಾಲನ್ನು ನೋಡಿದಳು. ಪಾದಗಳು ನೆಲದ ಮೇಲಿದ್ದವು; ಹಿಮ್ಮಡಿ ಮಾತ್ರ ತುಸು ಎತ್ತಿತ್ತು. “ಹತ್ತಲೇನೋ?” ಎಂದಳು. “ತಡಿ ಅವ್ವಾ, ನಾ ಹೇಳಿದ ಮ್ಯಾಲ ಹತ್ತು” ಎಂದನು. ಕಾಲು ಗಟ್ಟಿಯಾಗಿ ಊರಿಕೊಂಡು, “ಈಗ ಹತ್ತು” ಎಂದನು. ಸೆರಗಿನ ಮೇಲೆ ಹೆಲ್ಮೆಟ್ಟು ಕಟ್ಟಿಕೊಂಡು ಆಕೆ ಹತ್ತಿದಳು.

ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಮತ್ತೆ ಎದುರಾಯಿತು. ಡಾಂಬರಿನ ಅಂಚು ಬರುವ ಮೊದಲೇ, ಹೊಲದ ದಾರಿಯೊಂದು ಕೂಡುವ ಸಮನೆಲದಲ್ಲಿ ಮಾಸ್ತರನು ಗಾಡಿ ನಿಲ್ಲಿಸಿದನು. ಹೆಗಲ ಮೇಲಿದ್ದ ತಾಯಿಯ ಕೈ ಒಮ್ಮೆ ಬಿಗಿಯಾಯಿತು. ಟ್ರ್ಯಾಕ್ಟರು ದಾಟಿ ಹೋದ ಮೇಲೆ ಸಡಿಲವಾಯಿತು. ಇಬ್ಬರೂ ಮಾತಾಡಲಿಲ್ಲ.

ಇಂಡಿಯಲ್ಲಿ ಮಾವನು ತಂಗಿಯನ್ನು ಒಳಗೆ ಕರೆದೊಯ್ದು, ಮತ್ತೆ ಹೊರಗೆ ಬಂದು, “ಕತ್ತಿ”ಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದನು. ಯಾರೂ ನೋಡುತ್ತಿಲ್ಲವೆಂದು ತಿಳಿದು ಮೇಲೆ ಕುಳಿತನು. ಎರಡೂ ಪಾದಗಳನ್ನು ಪೂರ್ತಿಯಾಗಿ ಊರಿ, ಬಹಳ ಹೊತ್ತು ಸುಮ್ಮನೆ ಕುಳಿತನು. ಅರುವತ್ತು ದಾಟಿದ ಮೊಣಕಾಲುಗಳಿಗೂ ತಮ್ಮದೇ ಒಂದು ಅಭಿಪ್ರಾಯವಿರುತ್ತದೆ. ಹಿತ್ತಿಲ ಬಾಗಿಲಿನಿಂದ ಬಂದ ಮಾಸ್ತರನ ಕಣ್ಣು ಆಗಲೇ, ಚಪ್ಪರದ ಕೆಳಗೆ ನಿಂತಿದ್ದ ಮಾವನ ದೊಡ್ಡ ಗಾಡಿಯ ಮೇಲೆ ಬಿದ್ದಿತು. ಅದರ ಎಡಬದಿಯ ಕಾಲಿನ ಕಂಬಿ ಒಳಕ್ಕೆ ಬಾಗಿತ್ತು, ಬಣ್ಣವೂ ತರಚಿತ್ತು.

“ಮಾಮಾ, ಇದು ಯಾವಾಗ ಆತು?” ಎಂದನು.

ಮಾವನು ಮೀಸೆ ತಿರುವಲಿಲ್ಲ. “ನಿಮ್ಮವ್ವಗ ಹೇಳಬ್ಯಾಡ” ಎಂದು ಮೆಲ್ಲಗೆ ಹೇಳಿ, ಸ್ವಲ್ಪ ತಡೆದು, “ಇದರ ಕಿಮ್ಮತ್ತ ಎಷ್ಟೋ?” ಎಂದು ಕೇಳಿದನು.