ಗಾಳ ಹಾಕುವ ಜಾಗ

ಹೊಸಕೋಟೆ ಕಡೆ ಒಬ್ಬ ಮನುಷ್ಯ ತನ್ನ ಸಾಲವೆಷ್ಟು ಅಂತ ಬೇಕಾದರೂ ಹೇಳಿಯಾನು, ಗಾಳ ಹಾಕುವ ಜಾಗ ಯಾವುದು ಅಂತ ಹೇಳಲಾರ. "ಎಲ್ಲಣ್ಣ ಮೀನು, ಬೆಳಗ್ಗೆಯಿಂದ ಬರೀ ಏಡಿ ಕಚ್ತಾ ಅವೆ" ಅನ್ನುತ್ತಾನೆ. ಅವನ ಪಕ್ಕದಲ್ಲಿ ಬಾಯಿ ಕಟ್ಟಿಟ್ಟ ಸಿಮೆಂಟ್ ಚೀಲ ಸರಿಯಾಗಿ ಅದೇ ಹೊತ್ತಿಗೆ ಪಟಪಟ ಒದರಿಕೊಳ್ಳುತ್ತದೆ. ಇಬ್ಬರೂ ಕೇಳಿಸದವರಂತೆ ಮಳೆ ಬೆಳೆ ಮಾತಾಡಿ ಎದ್ದು ಬರುತ್ತೇವೆ. ಕೆರೆ ದಂಡೆಯಲ್ಲಿ ಮರ್ಯಾದೆ ಅಂದರೆ ಇಷ್ಟೇ.

ಸಮುದ್ರದ ಬದಿಯಲ್ಲಾದರೆ ಈ ಗುಟ್ಟು ದುಡ್ಡಿಗೆ ಸಿಗುತ್ತದಂತೆ. ನಮ್ಮ ತಾಲ್ಲೂಕಿನಿಂದ ಹೋಗಿ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಗೆಳೆಯನೊಬ್ಬ ಬೇಸಿಗೆ ಬಂತೆಂದರೆ ಸಮ್ಮರ್ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಬೆನ್ನು ಹತ್ತುತ್ತಾನೆ. ಮಂಗಳೂರಿನವರ ನಂಗು ಮೀನಿಗೆ ಅದು ದೂರದ ನೆಂಟ. ಮರಿಯಾಗಿದ್ದಾಗ ಎಲ್ಲ ಮೀನಿನಂತೆ ಆಚೆಗೊಂದು ಈಚೆಗೊಂದು ಕಣ್ಣು. ಬೆಳೆಯುತ್ತಾ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ಕೂರುತ್ತದೆ. ಆಮೇಲೆ ಮರಳಲ್ಲಿ ಮೈ ಹೂತುಕೊಂಡು ಎರಡೂ ಕಣ್ಣು ಮೇಲಕ್ಕೆ ಬಿಟ್ಟು ಕಾಯುವುದೇ ಅದರ ಕಸುಬು. ಚಳಿಗಾಲ ಆಳದ ಕಡಲಲ್ಲಿ ಕಳೆದು ಬೇಸಿಗೆಗೆ ಅಳಿವೆಗಳ ಹತ್ತಿರ ಬರುತ್ತದೆ. ಇಳಿತದ ನೀರು ಸಣ್ಣ ಮೀನನ್ನು ಎಳೆದುಕೊಂಡು ಹೋಗುವ ದಾರಿಯ ಅಂಚಿನಲ್ಲಿ, ತಳ ಸಟ್ಟನೆ ಕುಸಿಯುವ ಕಡೆ ಕೂತಿರುತ್ತದೆ. ಭರತ ಇಳಿತದ ವೇಳೆ, ಎಲ್ಲೆಲ್ಲಿ ಎಷ್ಟು ಆಳ ಅನ್ನುವ ನಕ್ಷೆ ಎಲ್ಲವೂ ಅವನ ಫೋನಿನಲ್ಲೇ ಇವೆ. ಅದನ್ನೆಲ್ಲ ತೋರಿಸಿ, "ನಿಮ್ ಕೆರೆದು ಇದೆಯೇನೋ ಇಂಥದ್ದು?" ಅಂದ.

ಇದೆ. ಆದರೆ ಅದು ಇರುವುದು ಕೆಲವರ ಕಾಲುಗಳಲ್ಲಿ.

ನಮ್ಮ ಜಿಲ್ಲೆಯ ನೀರಿನ ಕಥೆ ಗೊತ್ತಿದ್ದರೆ ಇದು ಅರ್ಥವಾಗುತ್ತದೆ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿಯ ಸುತ್ತಿನ ಬೆಟ್ಟಗಳಲ್ಲಿ ಹುಟ್ಟಿದವು. ಅರ್ಕಾವತಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿಕೊಂಡು ಹೆಸರಘಟ್ಟಕ್ಕೆ, ತಿಪ್ಪಗೊಂಡನಹಳ್ಳಿಗೆ ಹೋಗುತ್ತಿತ್ತು. ಅಲ್ಲಿನ ಎರಡು ಜಲಾಶಯಗಳು, 1894ರಲ್ಲಿ ಕಟ್ಟಿದ್ದೊಂದು, 1933ರಲ್ಲಿ ಕಟ್ಟಿದ್ದೊಂದು, ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟವು. ಪಿನಾಕಿನಿ ನಮ್ಮ ಹೊಸಕೋಟೆಯ ಮೇಲೆ ಹಾದು ತಮಿಳುನಾಡಿನ ದಾರಿ ಹಿಡಿಯಿತು. ಹರಿಯುವ ಹೊಳೆ ಅಂತ ಇವನ್ನು ನೋಡಿದವರು ಈಗ ಮುದುಕರಾಗಿದ್ದಾರೆ. ನೀರು ಬರುವ ಕಾಲುವೆಗಳ ಮೇಲೆ ಲೇಔಟ್ ಬಂದವು, ಗೋಮಾಳದಲ್ಲೆಲ್ಲ ನೀಲಗಿರಿ ಬಂತು (ಇನ್ನು ನೀಲಗಿರಿ ನೆಡಬಾರದು ಅಂತ ಸರ್ಕಾರ ಆದೇಶ ಮಾಡಿದ್ದು 2017ರಲ್ಲಿ, ಊರು ಕೊಳ್ಳೆ ಹೋದ ಮೇಲೆ), ಬೋರ್‌ವೆಲ್ ಸಾವಿರ ಅಡಿ ದಾಟಿತು. ಕೆರೆಗಳು ಒಂದೆರಡು ವರ್ಷವಲ್ಲ, ಒಂದು ತಲೆಮಾರಿನಷ್ಟು ಕಾಲ ಬತ್ತಿ ಬಿದ್ದಿದ್ದವು.

ಬತ್ತಿದ ಕೆರೆ ಅಂದರೆ ಖಾಲಿ ಕೆರೆಯಲ್ಲ. ಅಂಗಳದ ತುಂಬ ಜಾಲಿ ಬೆಳೆಯಿತು. ಇಟ್ಟಿಗೆ ಗೂಡಿನವರು ಬಂದು ಜೇಡಿ ಮಣ್ಣು ಬಗೆದರು. ಒಂದು ಕಡೆ ಹುಡುಗರ ಕ್ರಿಕೆಟ್ ಪಿಚ್, ಇನ್ನೊಂದು ಕಡೆ ಯಾರೋ ಕದ್ದು ಬಿತ್ತಿದ ರಾಗಿ. ತೋಟಕ್ಕೆ ಗೋಡು ಹೊಡೆಯುವ ಟ್ರಾಕ್ಟರು ಓಡಾಡಿದ ಜಾಡು ಕ್ರಮೇಣ ರಸ್ತೆಯೇ ಆಯಿತು. ಆಮೇಲೆ 2021ರ ನವೆಂಬರ್ ಮಳೆ ಹಿಡಿಯಿತು, 2022ರಲ್ಲಿ ಮತ್ತೆ ಹಿಡಿಯಿತು, ಎಷ್ಟೋ ಕೆರೆಗಳು ಕೋಡಿ ಬಿದ್ದವು. ಊರಿಗೆ ಊರೇ ಹೋಗಿ ಗಂಗೆಪೂಜೆ ಮಾಡಿ ಬಾಗಿನ ಬಿಟ್ಟು ಬಂತು. ಗುಂಡಿ, ಜಾಲಿ, ಪಿಚ್ಚು, ರಸ್ತೆ ಎಲ್ಲ ಇದ್ದಲ್ಲೇ ಇದ್ದು ಮುಳುಗಿದವು.

ಅವೆಲ್ಲ ಈಗ ಮೀನಿನ ಮನೆಗಳು. ನೀರು ತುಂಬಿದ ಮೇಲೆ ಗಾಳ ಹಿಡಿದು ಬಂದವನಿಗೆ ಬರೀ ನೀರು ಕಾಣುತ್ತದೆ. ನೆರಳಿದೆ ಅಂತ ಏರಿ ಮೇಲಿನ ಹೊಂಗೆ ಮರದ ಕೆಳಗೆ ಕೂರುತ್ತಾನೆ, ಏರಿಯ ಕಲ್ಲು ಸಂದಿಯ ಬೆರಳುದ್ದದ ಜಿಲೇಬಿ (ತಿಲಾಪಿಯಾ) ಮೀನಿನ ಮರಿಗಳಿಗೆ ಎರೆಹುಳು ತಿನ್ನಿಸಿ ಸಂಜೆಗೆ ಮನೆಗೆ ಹೋಗುತ್ತಾನೆ. ಕೆರೆ ಒಣಗಿದ್ದಾಗ ಅದರೊಳಗೆ ನಡೆದಾಡಿದವನಿಗೆ ನೀರಿನ ಕೆಳಗಿನದು ಕಾಣುತ್ತದೆ.

ನಮ್ಮೂರ ಕೆರೆಯನ್ನು ನನಗೆ ಹೀಗೆ ತೋರಿಸಿದವರು ಕುರಿ ಕಾಯುವ ಒಬ್ಬ ತಾತ. ಮೀನು ಮುಟ್ಟುವವರಲ್ಲ, ಹಾಗಾಗಿ ಗುಟ್ಟು ಕಾಯುವ ದರ್ದೂ ಇರಲಿಲ್ಲ. ಕೋಲೆತ್ತಿ ತೋರಿಸಿದರು. "ಆ ನೀರ್ ಟ್ಯಾಂಕ್ ಕಾಣ್ತದಾ? ಅದ್ರ ನೇರಕ್ಕೆ ಒಂದ್ ಗೆರೆ ಇಕ್ಕೊ. ಈ ಕಡಿಂದ ಮುನೇಶ್ವರನ ಗುಡಿ ನೇರಕ್ಕೆ ಇನ್ನೊಂದು. ಎರಡೂ ಕೂಡೋ ಕಡೆ ಇಟ್ಟಿಗೆಯೋರ ಗುಂಡಿ. ನನ್ ಮರಿ ಒಂದು ಬಿದ್ದಿತ್ತು ಕಣಪ್ಪ. ನಾನು ಇಳ್ದು ಎತ್ತಿ ಹಿಡಿದ್ರೆ ಮೇಲೆ ನಿಂತೋನ ಕೈಗೆ ಎಟುಕ್ಲಿಲ್ಲ." ತಾತನ ಎತ್ತರ, ಅದರ ಮೇಲೆ ಚಾಚಿದ ಕೈ, ಅದರ ಮೇಲೆ ಎಟುಕದೆ ಉಳಿದ ಎರಡಡಿ. ಆಳದ ನಕ್ಷೆಯಲ್ಲಿ ಇದಕ್ಕಿಂತ ಖಚಿತವಾದ ಅಂಕಿ ಎಲ್ಲಿ ಸಿಗಬೇಕು? ತಂಗೂಸಿಗೆ ಕಲ್ಲು ಕಟ್ಟಿ ಬಿಟ್ಟು ನೋಡಿದೆ. ದಂಡೆಯಿಂದ ಎಸೆದ ಕಲ್ಲು ಮೊದಲು ಬೇಗ ಬೇಗ ನೆಲ ಮುಟ್ಟುತ್ತಿದ್ದದ್ದು ಒಂದು ಕಡೆ ಇಳಿಯುತ್ತಲೇ ಹೋಯಿತು. ಬೆಂಡನ್ನು ಅಷ್ಟು ಮೇಲಕ್ಕೆ ಸರಿಸಿ, ಕೊಕ್ಕೆಗೆ ಮುದ್ದೆಯ ತುಣುಕಿಗೆ ಕಡಲೆಕಾಯಿ ಹಿಂಡಿ ಕಲಸಿದ್ದನ್ನು ಸಿಕ್ಕಿಸಿದೆ. ಹಿಂಡಿ ಜಾಸ್ತಿಯಾದರೆ ನೀರಲ್ಲಿ ಕರಗಿಬಿಡುತ್ತದೆ, ಮುದ್ದೆ ಹಿಂದಿನ ರಾತ್ರಿಯದಾದರೆ ಗಟ್ಟಿಯಾಗಿ ನಿಲ್ಲುತ್ತದೆ. ಗುಂಡಿಯ ಅಂಚಿಗೇ ಬೀಳಬೇಕು, ಒಳಗಲ್ಲ. ಕೆಳಗೆ ತಂಪಿನಲ್ಲಿ ಬಿಸಿಲು ಕಳೆದ ಗೆಂಡೆ ಮೀನು ಮೇಯಲು ಮೇಲೆ ಹತ್ತುವ ದಾರಿ ಅದು. ನ್ಯೂಜೆರ್ಸಿಯ ಚಪ್ಪಟೆ ಮೀನೂ ಅಂಚಿನಲ್ಲೇ ಕಾಯುತ್ತದೆ ಅಂತ ಗೆಳೆಯ ಅಂದಿದ್ದನಲ್ಲ, ನನಗೆ ಆಗ ನೆನಪಾಯಿತು.

ಮಿಕ್ಕದ್ದನ್ನು ನೀರೇ ಹೇಳುತ್ತದೆ. ತಳದ ಕೆಸರು ಕೆದಕುವ ಗೆಂಡೆಯ ಮೇಲೆ ಸಣ್ಣ ಗುಳ್ಳೆಗಳ ಸಾಲು ಏಳುತ್ತಾ ಮುಂದೆ ಮುಂದೆ ಸರಿಯುತ್ತದೆ. ಒಂದೇ ಕಡೆ ಏಳುವ ಗುಳ್ಳೆ ಬರೀ ಕೊಳೆತ ಹೂಳಿನ ಗಾಳಿ. ತೆಳು ನೀರಲ್ಲಿ ತಟ್ಟೆ ಒತ್ತಿದಂಥ ದುಂಡು ಗುಳಿಗಳಿದ್ದರೆ ಅದು ಜಿಲೇಬಿ ಗೂಡು. 1952ರಲ್ಲಿ ಭಾರತಕ್ಕೆ ತಂದ ಈ ಮೀನು ಮೊಟ್ಟೆ ಮರಿಗಳನ್ನು ಬಾಯೊಳಗೇ ಕಾಯುತ್ತದೆ, ಅದಕ್ಕೇ ಯಾರೂ ಬಿಡದಿದ್ದರೂ ಎಲ್ಲ ಕೆರೆಯಲ್ಲೂ ಇರುತ್ತದೆ. ಕೆಂಪು ಮರಿಗಳ ಗುಂಪೊಂದು ನೀರ ಮೇಲೆ ಕುದಿಯುವಂತೆ ಆಡುತ್ತಿದ್ದರೆ ಕೆಳಗೆ ತಾಯಿ ತಂದೆ ಕೊರವ ಮೀನು ಕಾವಲಿವೆ ಅಂತ ತಿಳಿಯಬೇಕು. ಆಗ ಕಪ್ಪೆ ಕಟ್ಟಿ ಎಸೆದರೆ ಕಚ್ಚುವುದು ಖಂಡಿತ. ಎಸೆಯುವವನನ್ನು ನಾನು ಮಾತಾಡಿಸುವುದಿಲ್ಲ.

ಹಕ್ಕಿಗಳನ್ನೂ ನೋಡಬೇಕು. ಹೊಸಕೋಟೆ ದೊಡ್ಡಕೆರೆಗೆ ಭಾನುವಾರ ಬೆಂಗಳೂರಿನಿಂದ ಉದ್ದದ ಲೆನ್ಸ್ ಹೊತ್ತವರು ಬರುತ್ತಾರೆ. ಅವರು ನೋಡುವ ಹಕ್ಕಿಯನ್ನೇ ನಾವೂ ನೋಡುತ್ತೇವೆ, ಲೆಕ್ಕ ಬೇರೆ. ಕೊಕ್ಕರೆ ನಿಂತಿದೆ ಅಂದರೆ ಅಲ್ಲಿ ಮೊಣಕಾಲುದ್ದ ನೀರೂ ಇಲ್ಲ, ಬಿಡು. ನೀರುಕಾಗೆ ಮುಳುಗಿ ಬಹಳ ಹೊತ್ತಿನ ಮೇಲೆ ಎದ್ದರೆ ಅಲ್ಲಿ ಆಳವಿದೆ, ಆಳದಲ್ಲಿ ಕೆಲಸವೂ ಇದೆ.

ರೋಹು, ಕಾಟ್ಲಾ ಮಾತ್ರ ಬೇರೆ ವ್ಯವಹಾರ. ಇವು ಹರಿವ ನೀರಿನ ಮೀನು, ನಿಂತ ಕೆರೆಯಲ್ಲಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮರಿ ಮಾಡಿಸಿ ತೋರಿಸಿದ ಮೇಲೆಯೇ ವರ್ಷಾವರ್ಷ ಮರಿ ತಂದು ಬಿಡುವ ಪದ್ಧತಿ ದೇಶದಲ್ಲೆಲ್ಲ ಬೆಳೆದದ್ದು. ಮರಿ ಬಿಟ್ಟವನು ಗುತ್ತಿಗೆದಾರ, ಅವನ ದುಡ್ಡು ನೀರಲ್ಲಿದೆ, ಕಾವಲಿನವನು ಕೋಲು ಹಿಡಿದು ಬಂದರೆ ಎದ್ದು ಹೋಗುವುದೇ ನ್ಯಾಯ. ಒಂದು ಬೀಡಿಗೋ ಟೀಗೋ ಸೋತು, "ಜಿಲೇಬಿ ಹಿಡ್ಕೊ, ಕಾಟ್ಲಾ ಬಿದ್ರೆ ವಾಪಸ್ ಬಿಡು" ಅನ್ನುವ ಕಾವಲುಗಾರರೂ ಇದ್ದಾರೆ.

ಎಲ್ಲ ನೀರೂ ಗಾಳಕ್ಕೆ ಲಾಯಕ್ಕಲ್ಲ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಕೆಳಗೆ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಕೊಳಕು ನೀರು ಸೇರುವುದರ ವಿರುದ್ಧ ಊರಿನವರು ಬೀದಿಗಿಳಿದು ಹೋರಾಡಿದ್ದಾರೆ. ದೇವನಹಳ್ಳಿ ಕಡೆಯ ಕೆಲವು ಕೆರೆಗಳಿಗೆ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬರುತ್ತದೆ, ಅಲ್ಲಿ ಮೀನು ದಪ್ಪಗಿದೆ ಅಂತ ಹುಡುಗರು ಕುಣಿಯುತ್ತಾರೆ. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದು ನೀರಲ್ಲಿ ಉಸಿರಿಲ್ಲದ ಗುರುತು. ಅಂಥ ಕಡೆ ಗಾಳ ಬಿಚ್ಚದೆ ನಾನು ವಾಪಸಾಗುತ್ತೇನೆ. ಸಾರಿಗೆ ಹುಣಸೆಹುಳಿ ಎಷ್ಟು ಹಿಂಡಿದರೂ ಆ ನೀರಿನ ವಾಸನೆ ಹೋಗುವುದಿಲ್ಲ.

ಈ ನಕ್ಷೆಗೂ ಈಗ ಆಯಸ್ಸು ಮುಗಿಯುತ್ತಿದೆ. ಕೆರೆ ಅಭಿವೃದ್ಧಿ ಅಂತ ಬರುವವರು ನೀರು ಖಾಲಿ ಮಾಡಿಸಿ ಹೂಳೆತ್ತುತ್ತಾರೆ, ಜಾಲಿ ಬೇರು ಸಮೇತ ಕೀಳುತ್ತಾರೆ, ತಳವನ್ನು ಬೋಗುಣಿಯಂತೆ ನುಣ್ಣಗೆ ಕೆರೆದು ಸುತ್ತ ವಾಕಿಂಗ್ ಟ್ರ್ಯಾಕ್, ಲೈಟು ಕಂಬ ಹಾಕಿ ಹೋಗುತ್ತಾರೆ. ತಾತನ ಗುಂಡಿ ಹೋಯಿತು. ಕಳೆದ ಬೇಸಿಗೆ ನಮ್ಮೂರ ಕೆರೆಯಲ್ಲಿ ಹಿಟಾಚಿ ಓಡುತ್ತಿದ್ದಾಗ ಗಾಳದ ಹುಡುಗರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಹತ್ತನೇ ಕ್ಲಾಸಿನವನೊಬ್ಬ ಮಾತ್ರ ದಿನಾ ಸಂಜೆ ಎರಡು ಟೀ ಪಾರ್ಸೆಲ್ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದ. ರಾಯಚೂರು ಕಡೆಯ ಆಪರೇಟರ್ ಟೀ ಹೀರುತ್ತಾ, ಎಲ್ಲಿ ಬಂಡೆ ಸಿಕ್ಕಿ ಬಕೆಟ್ ಇಳಿಯಲಿಲ್ಲ, ಎಲ್ಲಿ ಮಣ್ಣು ಮೆತ್ತಗಿದೆಯೆಂದು ಲೋಡಿಗಾಗಿ ಹೆಚ್ಚು ತೋಡಿದ, ಎಲ್ಲ ಹೇಳುತ್ತಿದ್ದ. ಹುಡುಗ ಲೈಟು ಕಂಬ ಎಣಿಸಿಕೊಳ್ಳುತ್ತಿದ್ದ. ಯಾವ ಕಂಬ ಅಂತ ಮೊನ್ನೆ ಕೇಳಿದೆ. "ಎಲ್ಲಣ್ಣ ಮೀನು" ಅಂದ.