ಒಳ್ಳೆಯ ಕಾಲಿನ ನೋವು

ಪ್ಲಾಸ್ಟರ್ ಬಿಚ್ಚಿದ ದಿನವೇ ಕಾಲು ವಾಸಿಯಾಯಿತೆಂದು ಮನೆಯವರೆಲ್ಲ ತೀರ್ಮಾನಿಸಿಬಿಡುತ್ತಾರೆ. ಮೂಳೆ ಕೂಡಿದೆ, ಊತ ಇಳಿದಿದೆ, ಇನ್ನೇನು? ನೋಡಲು ಬರುತ್ತಿದ್ದ ನೆಂಟರೂ ನಿಂತುಹೋಗುತ್ತಾರೆ. ಎಷ್ಟೋ ಜನರಿಗೆ ಆಮೇಲೆ ಇನ್ನೊಂದು ಕಷ್ಟ ಶುರುವಾಗುತ್ತದೆ. ಅದೂ ಪೆಟ್ಟೇ ಬೀಳದ ಕಾಲಿನಲ್ಲಿ.

ನಮ್ಮ ಅಕ್ಕನಿಗೆ ಆದದ್ದು ಇದೇ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ಅವಳದು. ಮಳೆಗಾಲದಲ್ಲಿ ಸಂಕ ದಾಟುವಾಗ ಜಾರಿ, ಬಲಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಅದು ಚೆನ್ನಾಗಿಯೇ ಕೂಡಿತು. ಆದರೆ ಬೆಳಗ್ಗೆ ಹಾಸಿಗೆಯಿಂದ ಎದ್ದು ಎಡಗಾಲು ಊರಿದರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ ನೋವು. ನಾಲ್ಕು ಹೆಜ್ಜೆ ಹಾಕಿದ ಮೇಲೆ ತುಸು ಸಡಿಲ, ಸಂಜೆಗೆ ಮತ್ತೆ ಅದೇ. "ವಾಯು ಕಣೇ, ಬಿಸಿ ಉಪ್ಪುನೀರಲ್ಲಿ ಕಾಲಿಡು" ಎಂದರು ಅಮ್ಮ. ಭಾವ ತೂಕದ ಮಾತೆತ್ತಿದರು. ಕಾಲು ಮುರಿದಾಗ ಅಳದಿದ್ದ ಅಕ್ಕ ಈ ನೋವಿಗೆ ಅತ್ತಳು. ಮುರಿದ ಕಾಲಿಗೆ ಎಲ್ಲರೂ ಮರುಗುತ್ತಾರೆ, ಒಳ್ಳೆಯ ಕಾಲು ನೋಯುತ್ತದೆ ಎಂದರೆ ನಂಬುವವರೇ ಇಲ್ಲ.

ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ಮೊದಲು ಕೇಳಿದ್ದು ಚಪ್ಪಲಿಯನ್ನು. "ಅಮ್ಮಾ, ಬಿಚ್ಚಿ ಕೊಡಿ, ನೋಡೋಣ" ಎಂದು ಎರಡನ್ನೂ ಬೋರಲು ಹಾಕಿ ಪಕ್ಕಪಕ್ಕ ಇಟ್ಟಳು. ಬಲಗಾಲಿನದರ ಹೊರ ಅಂಚು ಕಿರುಬೆರಳಿನ ಕೆಳಗೆ ತೇದುಹೋಗಿತ್ತು, ಹೆಬ್ಬೆರಳಿನ ಕಡೆ ಹೊಸದರಂತೆ ಗೆರೆಗಳು ಹಾಗೇ ಇದ್ದವು. ಎಡಗಾಲಿನದರ ಹಿಮ್ಮಡಿ ಗುಳಿಬಿದ್ದಿತ್ತು. ಅಕ್ಕ ಇಷ್ಟು ದಿನ ಹೇಗೆ ನಡೆದಳೆಂಬುದು ಪೂರ್ತಿ ಅಲ್ಲಿ ಬರೆದಿತ್ತು.

ನಮ್ಮ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಎರಡೂ ಸೇರಿದರೆ ಮೈಯಲ್ಲಿರುವ 206 ಮೂಳೆಗಳಲ್ಲಿ ಕಾಲುಭಾಗ. ಹಿಮ್ಮಡಿ ಮೊದಲು ನೆಲ ಮುಟ್ಟಿ, ಭಾರ ಅಂಗಾಲಿನುದ್ದಕ್ಕೂ ಸಾಗಿ, ಕೊನೆಗೆ ಹೆಬ್ಬೆರಳು ನೆಲವನ್ನು ಹಿಂದಕ್ಕೆ ಒತ್ತುವುದು ಸರಿಯಾದ ಹೆಜ್ಜೆ. ನೊಂದ ಕಾಲು ಈ ಕೊನೆಯ ಒತ್ತನ್ನು ತಪ್ಪಿಸಿಕೊಂಡು ಹೊರ ಅಂಚಿನ ಮೇಲೆ ಬೇಗನೆ ದಾಟಿಬಿಡುತ್ತದೆ. ಆಗ ಇನ್ನೊಂದು ಕಾಲು ಅವಸರದಲ್ಲಿ ಧೊಪ್ಪನೆ ನೆಲಕ್ಕೆ ಬಿದ್ದು ಹೆಚ್ಚು ಹೊತ್ತು ಭಾರ ಹೊರಬೇಕಾಗುತ್ತದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಡಿ ಗಟ್ಟಿಯಾದ ಪಟ್ಟಿಯೊಂದಿದೆ. ಮೀನಖಂಡ ಬಿಗಿದುಕೊಂಡರೆ ಅದರ ಮೇಲೆ ಎಳೆತ ಇನ್ನೂ ಹೆಚ್ಚು. ರಾತ್ರಿಯೆಲ್ಲ ಮುದುಡಿದ್ದ ಆ ಪಟ್ಟಿಯನ್ನು ಬೆಳಗಿನ ಮೊದಲ ಹೆಜ್ಜೆ ಒಮ್ಮೆಲೇ ಎಳೆಯುವುದರಿಂದಲೇ ಆ ನೋವು. ಕುಂಟು ನೊಂದ ಕಾಲನ್ನು ಕಾಪಾಡಲು ಬಂದದ್ದು, ಅದು ತಪ್ಪಲ್ಲ. ಗಾಯ ಮಾಯ್ದ ಮೇಲೂ ಅದು ಬಿಟ್ಟುಹೋಗುವುದಿಲ್ಲ, ಕಷ್ಟ ಇರುವುದು ಅಲ್ಲಿ.

"ಕುಂಟಬೇಡ, ನೆಟ್ಟಗೆ ನಡಿ" ಎಂದು ನಾವೆಲ್ಲ ಅಕ್ಕನಿಗೆ ಹೇಳುತ್ತಲೇ ಇದ್ದೆವು. ಹೇಳಿಸಿಕೊಂಡು ಯಾರ ಕುಂಟೂ ಹೋಗುವುದಿಲ್ಲ. ಪ್ಲಾಸ್ಟರ್‌ನೊಳಗೆ ಬಿಗಿದುಹೋದ ಗಂಟು ಮುಂದಕ್ಕೆ ಬಾಗದೆ ಹೆಜ್ಜೆ ಸರಿಯಾಗುವುದಾದರೂ ಹೇಗೆ? ಗೋಡೆಗೆ ಕೈಯೂರಿ, ಹಿಮ್ಮಡಿ ಎತ್ತದೆ, ಮಂಡಿಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸುವ ಅಭ್ಯಾಸದಿಂದ ಅದನ್ನು ಸಡಿಲಿಸಬೇಕಾಯಿತು. ಎಡ ಅಂಗಾಲಿಗೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು ಬಟ್ಟೆ ಸುತ್ತಿ ಉರುಳಿಸುವುದು. ಬೆಳಗ್ಗೆ ಕಾಲು ಊರುವ ಮೊದಲೇ ಹಾಸಿಗೆಯಲ್ಲಿ ಕೂತು ಬೆರಳುಗಳನ್ನು ಕೈಯಿಂದ ತನ್ನತ್ತ ಎಳೆದುಕೊಳ್ಳುವುದು. ಕೋಲು ಹಿಡಿಯುವ ಕೈಯೂ ಬದಲಾಯಿತು. ನೊಂದ ಕಾಲಿನ ಕಡೆಗೇ ಕೋಲು ಎಂದು ಎಲ್ಲರೂ ತಿಳಿಯುತ್ತೇವೆ. ಅದು ಇರಬೇಕಾದದ್ದು ಎದುರು ಕೈಯಲ್ಲಿ, ಏಕೆಂದರೆ ನಡೆಯುವಾಗ ಬಲಗಾಲಿನ ಜೊತೆ ಮುಂದೆ ಬರುವುದು ಎಡಗೈ. ನನಗೆ ಬಹಳ ಹಿಡಿಸಿದ್ದು ಆ ಹುಡುಗಿಯ ಇನ್ನೊಂದು ಮಾತು: "ಕುಂಟ್ಕೊಂಡು ತೋಟ ಸುತ್ತೋದು ಬೇಡಮ್ಮಾ. ಜಗಲಿ ಮೇಲೆ ಹತ್ತೇ ಹೆಜ್ಜೆ ಹಾಕಿ, ಆದ್ರೆ ಎರಡೂ ಒಂದೇ ಅಳತೆ ಇರ್ಲಿ." ಪಾದಕ್ಕೆ ಜೋಮು ಹಿಡಿದರೆ, ಊತ ಇಳಿಯದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಈ ಮನೆಮದ್ದುಗಳಿಗೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕೆಂದೂ ಅವಳು ಎಚ್ಚರಿಸಿದಳು.

ಮನೆಯಲ್ಲಿ ತಕರಾರು ಎದ್ದದ್ದು ಚಪ್ಪಲಿಯ ವಿಷಯಕ್ಕೆ. ಗಟ್ಟಿ ನೆಲದ ಮೇಲೆ ಬರಿಗಾಲು ಬೇಡ, ಮೆತ್ತನೆಯ ಚಪ್ಪಲಿ ಬೇಕೇ ಬೇಕು ಎಂದಿದ್ದಳು ಆ ಹುಡುಗಿ. "ಒಳಗೆಲ್ಲ ಚಪ್ಪಲಿ ಹಾಕ್ಕೊಂಡು ತಿರುಗ್ತಾರೇನೇ?" ಎಂದು ಅಮ್ಮ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅಮ್ಮನ ಸಂಕಟವೂ ನನಗೆ ಅರ್ಥವಾಗುತ್ತದೆ, ಹುಟ್ಟಿನಿಂದ ನಡೆದುಕೊಂಡು ಬಂದ ಮಡಿ ಅದು. ಆದರೂ ಅಕ್ಕ ಬೆಳಗ್ಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುವುದನ್ನು ದಿನವೂ ನೋಡುತ್ತಿದ್ದವರು ಅವರೇ. ಸವೆದ ಜೋಡಿ ಪಾದವನ್ನು ಮತ್ತೆ ಹಳೆಯ ವಾಲಿಗೇ ಎಳೆಯುತ್ತದೆಂದು ಅದನ್ನು ಎಸೆದು, ಹೊರಗಿಗೊಂದು ಒಳಗಿಗೊಂದು ಹೊಸ ಜೋಡಿ ತಂದೆವು. ಅಡುಗೆಮನೆಯೂ ಸೇರಿ ಎಲ್ಲ ಕಡೆ ನಡೆಯಬಹುದು, ದೇವರ ಕೋಣೆಗೆ ಮಾತ್ರ ಬೇಡ ಎಂದು ಅಮ್ಮನೇ ಗಡಿ ಹಾಕಿಕೊಟ್ಟರು. ಅಲ್ಲಿ ಅಕ್ಕನಿಗೆಂದು ದಪ್ಪನೆಯ ಚಾಪೆಯೊಂದನ್ನು ಹಾಸಿಟ್ಟರು.